ಎರಡು ಇಂಚಿನ ಮಡಿಕೆ

ಕನ್ನಡಿಯ ಮುಂದೆ ಏನೋ ಗಿರ್ರನೆ ತಿರುಗಿತು, ನೀಲಿ, ಬಿಳಿ, ಕೆಂಪು — ಮಗಳೇ, ಪತ್ರಿಕೆಯ ಮುಖಪುಟದ ಫೋಟೋಗೆ ಹೊಲಿಸಿದ ಸ್ಕರ್ಟ್ ಹಾಕಿಕೊಂಡು ಕುಣಿಯುತ್ತಿದ್ದಾಳೆ, ಬೇಡ ಕಣೇ ಗುಬ್ಬಿ, ಅದನ್ನ ಆಫೀಸಿಗೆ ವಾಪಸ್ ಕೊಡಬೇಕು, ಅಂದರೆ ಕೇಳುವವಳಾ ಇವಳು, ಕುಣಿಯಲಿ ಬಿಡು, ಎಷ್ಟು ತಿಂಗಳಾಯಿತು ಹೀಗೆ ನಕ್ಕು, ಆ ವಿಡಿಯೋ ಈ ವಿಡಿಯೋ ನೋಡಿ ಭೂಮಿನೇ ಸುಟ್ಟುಹೋಗುತ್ತಂತೆ, ನಾನು ಓದಿ ಏನು ಮಾಡ್ಲಿ ಅಮ್ಮ ಎಂದು ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಏಳುತ್ತಿದ್ದಳು, ಅದಕ್ಕೇ ತಾನೇ ನಾನು ಸಂಪಾದಕಿಯ ಹತ್ತಿರ ಹಟ ಹಿಡಿದದ್ದು, ಈ ಸಲ ನಮ್ಮ ಫ್ಯಾಷನ್ ಪತ್ರಿಕೆಯಲ್ಲಿ ಹವಾಮಾನ, ಹುಡುಗಿಯರಿಗೆ ಅರ್ಥವಾಗುವ ಹಾಗೆ, ಉಡುಪಿನ ಜವಾಬ್ದಾರಿ ನನಗೆ ಬಿಡಿ, ವರ್ಷಕ್ಕೊಂದು ಪಟ್ಟೆ, ತಂಪಿದ್ದರೆ ನೀಲಿ, ಬಿಸಿಯಾದರೆ ಕೆಂಪು, ಸೊಂಟದಿಂದ ಕೆಳಕ್ಕೆ ನೂರು ವರ್ಷ — ವಿಜ್ಞಾನಿ ಮೇಷ್ಟ್ರು ಬಣ್ಣಗಳನ್ನು ಬರೆದ ಹಾಳೆ ಕೈಗಿಟ್ಟು ಹೇಳಿದ್ದರು, ನೋಡಿ ಮೇಡಂ, ಒಂದು ಪಟ್ಟೆನೂ ಬಿಟ್ಟುಹೋಗಬಾರದು, ಬಿಡ್ತೀವಾ ಸರ್, ಎಂದು ಎಷ್ಟು ಜಂಬದಿಂದ ಅಂದೆ.

ಅಮ್ಮಾ ನೋಡು, ಕೊನೇಲಿ ತಿಳಿಯಾಗಿದೆ ಅಲ್ವಾ, ಕೆಂಪು ಆದ್ಮೇಲೆ ಮತ್ತೆ ಕಿತ್ತಳೆ, ಅಂದ್ರೆ ಕಡಿಮೆ ಆಗ್ತಿದೆ, ಮೊದಲೇ ಹೇಳ್ಬಾರ್ದಾ, ನಾನು ಸುಮ್ಮನೆ ಹೆದರಿ ಸತ್ತೆ — ಕಡಿಮೆಯಾ, ಎಲ್ಲಿ, ನಿಲ್ಲು ಒಂದು ನಿಮಿಷ, ನೆಲಕ್ಕೆ ಕೂತು ಅಂಚು ಹಿಡಿದೆ, ಬೆರಳಿಗೆ ದಪ್ಪ ಸಿಕ್ಕಿತು, ಅಯ್ಯೋ, ಮಡಿಕೆ, ಟೈಲರಣ್ಣ ಎರಡು ಇಂಚು ಒಳಕ್ಕೆ ಮಡಚಿ ಹೊಲಿದುಬಿಟ್ಟಿದ್ದಾನೆ, ಅವನದೇನು ತಪ್ಪು, ಅಂಚು ಮಡಚದೆ ಕೊಟ್ರೆ ನನ್ನ ಕೆಲಸಕ್ಕೆ ಏನು ಮರ್ಯಾದೆ ಅಕ್ಕ ಅನ್ನುವವನು, ಇಪ್ಪತ್ತು ವರ್ಷದಿಂದ ಮಡಚುತ್ತಿದ್ದಾನೆ, ಫೋಟೋ ತೆಗೆಯುವಾಗ ಆಹಾ ಅಂಚು ಎಷ್ಟು ಚೆನ್ನಾಗಿ ಕೂತಿದೆ ಎಂದು ಮೆಚ್ಚಿದವಳು ನಾನೇ, ಇಂಚಿಗೆ ನಾಲ್ಕು ಪಟ್ಟೆ, ಎರಡು ಇಂಚಿಗೆ ಎಂಟು, ಕೊನೆಯ ಎಂಟು ವರ್ಷ ಒಳಗೆ, ಇವಳ ಹದಿನಾರು ವರ್ಷದಲ್ಲಿ ಅರ್ಧ, ತಿರುವಿ ನೋಡಿದರೆ ಕಾಣುತ್ತದೆ, ಕಪ್ಪಿಗೆ ಹೊರಟ ಕೆಂಪು.

ಫೋನು, ಪ್ರೆಸ್ಸಿನವನು, ಮೇಡಂ ಮುಖಪುಟ ಓಡಿಸ್ಲಾ, ಮಷಿನ್ ಖಾಲಿ ನಿಂತಿದೆ — ಆ ಮುಖಪುಟವನ್ನು ಗೋಡೆಗೆ ಅಂಟಿಸಿಕೊಂಡು, ಕಡಿಮೆ ಆಗ್ತಿದೆ ಎಂದು ನೆಮ್ಮದಿಯಾಗಿ ನಿದ್ದೆ ಹೋಗುವ ಸಾವಿರಾರು ಗುಬ್ಬಿಗಳು — ಬೇಡಪ್ಪ, ನಿಲ್ಸು, ಅಂದೆ, ಅಂದುಬಿಟ್ಟೆ, ಅದು ಸುಲಭ, ಸಂಪಾದಕಿಯ ಹತ್ತಿರ ಬೈಸಿಕೊಂಡರಾಯಿತು, ಆದರೆ ಇವಳಿಗೆ ಏನನ್ನಲಿ, ಭಯವಾಗುತ್ತಿದೆ, ಈ ನಗು ನೋಡಿಯೇ ಭಯವಾಗುತ್ತಿದೆ, ಯಾಕಮ್ಮ ನಿಲ್ಸು ಅಂದೆ, ಏನಿಲ್ಲ ಕಣೇ, ಹೊಲಿಗೆ ಸಡಿಲ ಆಗಿದೆ, ಬಾಯಿ ಸುಳ್ಳು ಹೇಳುತ್ತಿದೆ, ಕೈ ಕತ್ತರಿಯ ತುದಿಯಿಂದ ದಾರ ಬಿಚ್ಚುತ್ತಿದೆ, ಒಂದು ಹೊಲಿಗೆ, ಇನ್ನೊಂದು, ಹಾಗೇ ಬಿಟ್ಟುಬಿಡಲಾ, ಇವಳಿಗೊಬ್ಬಳಿಗೆ, ಇವತ್ತೊಂದು ದಿನ, ಊಟ ಮಾಡಲಿ — ಜಾರಿತು, ಮಡಿಕೆ ಜಾರಿತು, ಅಮ್ಮಾ ಅದೇನು ಒಳಗೆ, ಕೆಂಪು, ಅದರ ಕೆಳಗೆ ಇನ್ನೂ ಕೆಂಪು, ತಿರುಗುತ್ತಿದ್ದ ಕಾಲುಗಳು ನಿಂತಿವೆ, ತಲೆ ಎತ್ತಲಾರೆ, ಎರಡು ಇಂಚು, ಮಡಿಕೆಯ ಗೆರೆ, ಅದರ ಕೆಳಗೆ ಕೆಂಪು