ಕೇಳಿ ಮುಟ್ಟುವ ಕಲಾವತಿ

ಕೊಡಿಗೇಹಳ್ಳಿಯ ಕಲಾವತಿ ರವಿಕೆಯ ಅಳತೆ ತೆಗೆಯುವಾಗ, ಎದುರು ನಿಂತ ಹೆಂಗಸಿನ ಬೆನ್ನಿಗೆ ಟೇಪು ಚಾಚುವ ಮೊದಲು ಒಂದು ಗಳಿಗೆ ತಡೆದು, "ಮುಟ್ಲಾ?" ಎಂದು ಕೇಳುತ್ತಾಳೆ, ಉತ್ತರ ಬರುವ ತನಕ ಟೇಪು ಅವಳ ಕೈಯಲ್ಲೇ ಇರುತ್ತದೆ. ಹೊಸಬರು ನಗುತ್ತಾರೆ, ಮುಟ್ಟದೆ ಅದ್ಹೇಗೆ ಅಳತೆ ತೆಗೆಯುತ್ತೀಯೆ ಎಂದು ಚೇಷ್ಟೆ ಮಾಡುತ್ತಾರೆ. ಅವಳು ಮಾತ್ರ ನಗುವುದಿಲ್ಲ. ಹೂಂ ಎನ್ನದವರಿಗೆ ಹಳೆಯ ರವಿಕೆ ತಂದುಕೊಡಿ ಎನ್ನುತ್ತಾಳೆ.

ಎತ್ತರದ, ಎಲುಬು ಎದ್ದ ಆಳು. ಎದುರಿಗೆ ಗಂಡಸರ ಗುಂಪು ಬಂದರೆ ಗೋಡೆಗೆ ಸರಿದು ದಾರಿ ಬಿಡುವ ಅಭ್ಯಾಸ ಬಿಟ್ಟುಹೋಗಿ, ಓಣಿಯ ನಟ್ಟನಡುವೆ ನಡೆಯುತ್ತಾಳೆ. ಹೊಲಿಗೆ ಯಂತ್ರವನ್ನು ಹೊಸ್ತಿಲ ಬಳಿಗೇ ಎಳೆದುಕೊಂಡು, ಬೀದಿಗೆ ಮುಖ ಮಾಡಿ ಕೂರುತ್ತಾಳೆ. ಗಂಡುಬೀರಿ ಎಂದು ಬಂಧುಬಳಗ ಅವಳಿಗೆ ಹೆಸರಿಟ್ಟಾಗಿದೆ.

ಕೆಲವು ವರ್ಷಗಳ ಹಿಂದೆ, ಮನೆಮಂದಿಯೆಲ್ಲ ಬಾಗಲೂರಿನ ಮದುವೆಗೆ ಹೋಗಿದ್ದ ದಿನ, ಓರಗಿತ್ತಿ ಮುನಿನಾರಾಯಣಮ್ಮನ ತಮ್ಮ ಇದೇ ಮನೆಗೆ ನುಗ್ಗಿ ಅವಳ ಮೇಲೆ ಅತ್ಯಾಚಾರ ಮಾಡಿದ. ಆ ಪದವನ್ನು ಆ ಮನೆಯಲ್ಲಿ ಇಂದಿಗೂ ಯಾರೂ ಆಡುವುದಿಲ್ಲ. ಬಗೆಹರಿಯದ ಸೈಟಿನ ತಕರಾರೇನೋ ಎಂಬಂತೆ, 'ಆ ವಿಷಯ' ಎನ್ನುತ್ತಾರೆ. ಠಾಣೆಗೆ ಒಬ್ಬಳೇ ಹೋದರೆ ಗಂಡನನ್ನು ಕರೆದುಕೊಂಡು ಬಾ ಎಂದರು. ಗಂಡ ಮುನೇಶ್ ಬಂದ. ಬಂದು, ಎದುರಿನ ಟೀ ಅಂಗಡಿಯಲ್ಲಿ ಕೂತ. ಆಸ್ಪತ್ರೆಯಲ್ಲಿ ಮೈಮೇಲಿನ ಬಟ್ಟೆಯನ್ನೆಲ್ಲ ಸಾಕ್ಷ್ಯವೆಂದು ಕವರಿಗೆ ಹಾಕಿ ಸೀಲು ಮಾಡಿಕೊಂಡು, ಬೆನ್ನಿಗೆ ಲಾಡಿ ಕಟ್ಟುವ ಹಸಿರು ಗೌನು ಕೊಟ್ಟು ಕಳಿಸಿದರು. ಹಗಲು ಬೆಳಕಿನಲ್ಲಿ ಆಟೋ ಇಳಿದು, ಬಿಚ್ಚಿಹೋಗುತ್ತಿದ್ದ ಲಾಡಿಯನ್ನು ಹಿಂಗೈಯಲ್ಲಿ ಹಿಡಿದುಕೊಂಡು ಅವಳು ಮನೆ ಸೇರಿದ್ದನ್ನು ಇಡೀ ಬೀದಿ ಕಣ್ತುಂಬ ನೋಡಿತು, ಒಬ್ಬರೂ ಒಂದು ಟವೆಲ್ಲು ತಂದು ಹೊದಿಸಲಿಲ್ಲ. ಮುನೇಶ್ ಕೆಟ್ಟವನಲ್ಲ. "ನಾನೇನಾದ್ರೂ ಅಂದಿದೀನಾ?" ಎಂಬುದು ಅವನ ಹೆಗ್ಗಳಿಕೆ, ಅವನು ಏನೂ ಅನ್ನಲಿಲ್ಲ ಎಂಬುದೇ ಅವಳ ದೂರು.

ಆ ದಿನ ಅವಳ ಇಷ್ಟವೇನೆಂದು ಕೇಳಿದ ಜೀವ ಒಂದೇ, ಆಸ್ಪತ್ರೆಯ ಆಪ್ತಸಮಾಲೋಚಕಿ ಸಂಯುಕ್ತಾ. ಬಾಗಿಲು ಮುಚ್ಚಲೋ ತೆರೆದಿಡಲೋ ಎಂದು ಕೇಳಿದರು. ಭುಜದ ಮೇಲೆ ಕೈಯಿಡಲಾ ಎಂದು ಕೇಳಿದರು. ಬೇಡ ಎಂದಳು, ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ತನ್ನ 'ಬೇಡ' ಎಂಬ ಮಾತಿಗೆ ಇನ್ನೂ ಬೆಲೆಯಿದೆ ಎಂದು ಕಂಡದ್ದೇ ಕಲಾವತಿ ಆ ದಿನದಲ್ಲಿ ಮೊದಲ ಸಲ ಅತ್ತಳು. ಆಮೇಲೆ ಎಷ್ಟೋ ತಿಂಗಳು, ನಿದ್ದೆಗೆಟ್ಟ ಕಣ್ಣಿನಲ್ಲಿ, ಬೈದುಕೊಂಡೇ ಬಸ್ಸು ಹತ್ತಿ ಆ ಕೋಣೆಗೆ ಹೋಗಿಬಂದಳು. ಕೆಲವು ದಿನ ಅಲ್ಲಿ ಸುಮ್ಮನೆ ಕೂತು ಎದ್ದುಬಂದದ್ದೂ ಉಂಟು. ಮತ್ತೆ ಯಂತ್ರ ತುಳಿಯಲು ಕಾಲು ಬಂದದ್ದು ಹಾಗೆ, ನಿಧಾನವಾಗಿ.

ನ್ಯಾಯಾಲಯದಲ್ಲಿ ಮುನಿನಾರಾಯಣಮ್ಮ ಕಟಕಟೆ ಹತ್ತಿ, ತಮ್ಮ ಅವತ್ತೆಲ್ಲ ಮದುವೆಮನೆಯಲ್ಲಿ ತನ್ನ ಕಣ್ಣೆದುರಿಗೇ ಇದ್ದ ಎಂದು ಪ್ರಮಾಣ ಮಾಡಿದಳು. ಆಸ್ಪತ್ರೆಯಲ್ಲಿ ಸೀಲು ಮಾಡಿಕೊಂಡ ಬಟ್ಟೆ ತೇವಕ್ಕೆ ಕೆಟ್ಟಿತ್ತಂತೆ, ಅದು ಏನನ್ನೂ ಸಾಬೀತು ಮಾಡಲಿಲ್ಲ. ಅನುಮಾನದ ಲಾಭ ಪಡೆದು ಅವನು ಬಿಡುಗಡೆಯಾದ. ಅಂದಿನಿಂದ, ಅಳತೆಯಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೂ ಬಿಚ್ಚಿ ಹೊಲಿಯುವ ಈ ಹೆಂಗಸು, ಯಾರ ಅಳತೆಯೂ ಇಲ್ಲದೆ, ಲಾಡಿ ಬಿಗಿದರೆ ಯಾರ ಮೈಗಾದರೂ ಹೊಂದುವ ಚೂಡಿದಾರಗಳನ್ನು ಹೊಲಿದಿಡುತ್ತಾಳೆ. ಸಂಯುಕ್ತಾ ಫೋನು ಮಾಡಿದರೆ ಒಂದು ಜೊತೆ ಬಟ್ಟೆ, ಒಳಉಡುಪು, ಚಪ್ಪಲಿ ಚೀಲಕ್ಕೆ ತುಂಬಿಕೊಂಡು, ಯಾರಿಗೆಂದೂ ವಿಚಾರಿಸದೆ ಆಸ್ಪತ್ರೆಗೆ ಹೊರಡುತ್ತಾಳೆ.

ಕಳೆದ ಆಷಾಢದ ಒಂದು ಬೆಳಿಗ್ಗೆ ಹಾಗೆ ಹೋದವಳಿಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಎದುರಾದದ್ದು ಮುನಿನಾರಾಯಣಮ್ಮ. ಒಳಗಿದ್ದದ್ದು ಅವಳ ಮಗಳು ಸುಮಾ, ಹೆಬ್ಬಾಳದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದವಳು. ಅಲ್ಲಿನ ಮೇಲ್ವಿಚಾರಕನೇ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಇದು ದೇವರೇ ಕೊಟ್ಟ ಶಿಕ್ಷೆ ಎಂದು ಆಮೇಲೆ ಊರಿನಲ್ಲಿ ಆಡಿಕೊಂಡವರಿದ್ದರು. ಅಂಥವರ ಬಟ್ಟೆಯನ್ನು ಕಲಾವತಿ ಹೊಲಿಯದೆ ವಾಪಸು ಕೊಟ್ಟಳು. ತಾಯಿಗೆ ಶಿಕ್ಷೆ ಕೊಡಲು ಮಗಳ ಮೈಯೇ ಬೇಕಿತ್ತೇ ಎಂಬುದು ಅವಳ ಸಿಟ್ಟು.

ಮುನಿನಾರಾಯಣಮ್ಮ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಇಂಗಾಗೋಯ್ತಲ್ಲೇ ಕಲಾ, ನನ್ ಮಗೀಗೆ. ಅವತ್ತು ನಾನು..."

ಕಲಾವತಿ ಕೈ ಬಿಡಿಸಿಕೊಂಡಳು. "ಕೇಳ್ದೆ ಮುಟ್ಬೇಡ ಅಕ್ಕಾ. ಬಟ್ಟೆ ತಂದಿರೋದು ಸುಮಾಗೆ. ನಿಂಗೇನೂ ತಂದಿಲ್ಲ."

ಒಳಗೆ ಹೋಗಿ, ಬಾಗಿಲು ಹೇಗಿರಲಿ ಎಂದು ಕೇಳಿದಳು. ತೆರೆದೇ ಇರಲಿ ಎಂದಳು ಸುಮಾ. ಮುಟ್ಲಾ ಎಂದು ಕೇಳಿದಳು. ಸುಮಾ ತಲೆ ಅಲ್ಲಾಡಿಸಿ ಬೇಡವೆಂದಳು. ಬಟ್ಟೆಯನ್ನು ಕೈಗೆಟಕುವಷ್ಟು ಹತ್ತಿರವಿಟ್ಟು, ತಾನು ದೂರದ ಕುರ್ಚಿಯಲ್ಲಿ ಕೂತಳು. ಹುಡುಗಿ ಬಟ್ಟೆಯತ್ತ ನೋಡುತ್ತ ಕೇಳಿದಳು.

"ಚಿಕ್ಕಮ್ಮ, ಅವತ್ತು ಕೋರ್ಟಲ್ಲಿ ಅಮ್ಮ ಹೇಳಿದ್ದು ಸುಳ್ಳಾ?"

ಬಾಗಿಲ ಹೊರಗೆ ತಾಯಿ ನಿಂತಿರುವುದು ಇಬ್ಬರಿಗೂ ಕಾಣುತ್ತಿತ್ತು. ಆ ಗಳಿಗೆಯಲ್ಲಿ ಒಂದು ಸಣ್ಣ ಮಾತಿನಿಂದ ತಾಯಿಯ ಮಾನ ಉಳಿಸಬಹುದಿತ್ತು.

"ಹೂಂ ಕಣಮ್ಮ," ಎಂದಳು ಕಲಾವತಿ. "ಸುಳ್ಳು."

ಸುಮಾ ಬಟ್ಟೆಗೆ ಕೈ ಚಾಚಿದಳು.

ನೊಂದು ಎದ್ದವರು ಮೆತ್ತಗಾಗಿರಬೇಕು, ಎಲ್ಲರನ್ನೂ ಕ್ಷಮಿಸಿ ನಮ್ಮ ಎದೆಯ ಭಾರವನ್ನೂ ಇಳಿಸಬೇಕು ಎಂಬುದು ನಮ್ಮ ಆಸೆ. ಇಂಥವರು ಗುಣವಾಗುವುದು ನಮ್ಮ ಸಮಾಧಾನಕ್ಕಲ್ಲ. ತಮಗೆ ಯಾರೂ ಕೊಡದಿದ್ದುದನ್ನು ಹೊಲಿದು, ಮಡಿಸಿ, ಇನ್ನೊಬ್ಬರ ಮೈಗೆ ಒಯ್ದು ಕೊಡುತ್ತಾರೆ. ಕಸಿದವರಿಗೂ, ಕಸಿಯುವಾಗ ಜೊತೆಗಿದ್ದವರಿಗೂ ಒಂದು ಎಳೆ ನೂಲನ್ನೂ ಕೊಡುವುದಿಲ್ಲ. ಹಸಿರು ಗೌನನ್ನು ನೋಡುತ್ತ ಬೀದಿಯಲ್ಲಿ ನಿಂತಿದ್ದ ನಾವು ಹಾಗೆ ಕೊಡದಿರುವುದನ್ನು ಕಹಿ ಎಂದು ಕರೆಯುತ್ತೇವೆ.