ಹಿತ್ತಲಿನ ಹಾತಿಚೋಕ

ಕೆಂಡದಲ್ಲಿ ಸುಟ್ಟ ಗೆಣಸಿನ ವಾಸನೆ ಜಿನಮತಿಗೆ ತವರೂರು ಕಸಬೆ ಡಿಗ್ರಜದ ಬಾಲ್ಯದಿಂದಲೇ ಗೊತ್ತು. ಜೈನರ ಮನೆ; ಮಣ್ಣೊಳಗೆ ಬೆಳೆದ ಗಡ್ಡೆ ಹೊಸ್ತಿಲು ದಾಟುತ್ತಿರಲಿಲ್ಲ. ಎದುರು ಮನೆಯಿಂದ ಆ ಸಿಹಿ ಘಮ ಬಂದಾಗ ಅವಳು ಕಟ್ಟೆಯ ಮೇಲೆ ಮೂಗರಳಿಸಿ ನಿಲ್ಲುತ್ತಿದ್ದಳು. ಅವ್ವ ಬಂದು ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದಳು.

ಇಷ್ಟು ವರ್ಷಗಳ ಮೇಲೆ, ಸಾಂಗ್ಲಿಯ ತನ್ನದೇ ಅಡುಗೆಮನೆಯಲ್ಲಿ ಅಂಥದೇ ವಾಸನೆ ಮೂಗಿಗೆ ಬಂದಾಗ ಅವಳ ಬೀಸುಕಲ್ಲು ನಿಂತಿತು. ಮರುದಿನ ಬೆಳಿಗ್ಗೆ ಮುನಿಗಳು ಆಹಾರ ಸ್ವೀಕರಿಸಲು ಓಣಿಗೆ ಬರುವವರಿದ್ದರು. ಅವಳೂ ಸೊಸೆಯೂ ಬಾಗಿಲಲ್ಲಿ ಕಲಶ ಹಿಡಿದು ನಿಂತು, ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ ಎಂದು ಬಾಯಿಬಿಟ್ಟು ಹೇಳಬೇಕು. ವರ್ಷವೆಲ್ಲ ಕಾದ ದಿನ. ಮನೆಯಲ್ಲಿ ಗಡ್ಡೆ ಬೆಂದಿದ್ದರೆ ಆ ಮಾತೆಲ್ಲ ಸುಳ್ಳು.

ಹಿತ್ತಲಿನಲ್ಲಿ ಆಳೆತ್ತರದ ಗಿಡಗಳಿದ್ದವು. ಮಿರಜಿನ ಸಾಹೇಬರೊಬ್ಬರ ಬಂಗಲೆಯ ತೋಟದ ಮಾಳಿ ಗುರಲಿಂಗ ಮಳೆಗಾಲಕ್ಕೆ ಮುಂಚೆ ಸಸಿ ಕೊಟ್ಟಿದ್ದ. “ಸಾಹೇಬರು ಇದಕ್ಕ ಹಾತಿಚೋಕ ಅಂತಾರ್ರಿ” ಎಂದಿದ್ದನೇ ಹೊರತು ಬೇರಿನ ಸುದ್ದಿ ಎತ್ತಿರಲಿಲ್ಲ. ಸೂರ್ಯಕಾಂತಿಯ ತಂಗಿಯಂಥ ಹಳದಿ ಹೂವನ್ನು ಜಿನಮತಿ ದಿನವೂ ಬಸದಿಗೆ ಒಯ್ದಿದ್ದಳು. ಹೋದ ವಾರ ಸೊಸೆ ಸುನಂದಾ ಒಣಗಿದ ಗಿಡವೊಂದನ್ನು ಕಿತ್ತಾಗ ಬುಡದಲ್ಲಿ ಶುಂಠಿಯಂಥ ಗಂಟುಗಂಟಾದ ಗಡ್ಡೆಗಳ ಗೊಂಚಲು ಮೇಲೆ ಬಂತು. “ಅದರ ಮ್ಯಾಲ ಮಣ್ಣು ಎಳಿ, ಮುಟ್ಟಬ್ಯಾಡ” ಎಂದು ಜಿನಮತಿ ಸೆರಗು ಬಿಗಿದುಕೊಂಡು ಹಿಂದೆ ಸರಿದಿದ್ದಳು.

ಈಗ ಹಿತ್ತಲ ಬಾಗಿಲಿನಿಂದ ನೋಡಿದರೆ ಆ ಗಿಡಗಳ ಮಡಿಯಲ್ಲಿ ಅಗೆದ ಮಣ್ಣು ಹಸಿಹಸಿಯಾಗಿತ್ತು. ಅವಳು ಒಲೆಯ ಬೂದಿ ಕೆದಕಿದಳು. ಪಾತ್ರೆಗಳನ್ನು ಮೂಸಿದಳು. ಕಂಚಿನ ಬಟ್ಟಲು ಕಾಣದೆ, ಗಡ್ಡೆ ಅದರಲ್ಲೇ ಹೋಗಿರಬೇಕು ಎಂದುಕೊಂಡಳು. ಹುಡುಕಿದರೆ ಅದು ಬೆಲ್ಲದ ಡಬ್ಬಿಯ ಹಿಂದೆ ಮೆಂತ್ಯ ನೆನೆಸಿಕೊಂಡು ಕೂತಿತ್ತು. ಬಸುರಿ ಸೊಸೆಗೆ ತಿಂಗಳಿಂದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಈಚೆಗೆ ಅವಳ ಮುಖಕ್ಕೆ ಕಳೆ ಬಂದಿತ್ತು. ಎಲ್ಲಿಂದ ಬಂತು? ಜಿನಮತಿ ಹಿತ್ತಲಿಗೆ ಹೋಗಿ ಅಲ್ಲಿದ್ದ ಸುನಂದಾಳ ಕೈ ಹಿಡಿದು ನೋಡಿದಳು.

“ಉಗುರಾಗ ಏನದು ಮಣ್ಣು?”

“ಮೆಂತ್ಯ ಮಡ್ಯಾಗ ಕಸಾ ತಗದೆನ್ರಿ, ಅತ್ತಿ.”

“ಮೆಂತ್ಯ ಆ ಕಡೆ ಐತಿ. ಕಸಾ ತಗಿಯೂ ಕುರ್ಪಿ ಈ ಗಡ್ಡಿ ಕಡೆ ಬಿದ್ದೈತಿ.”

ಸುನಂದಾ ತುಟಿ ಬಿಚ್ಚುವ ಮೊದಲೇ ಗೋಡೆಯಾಚೆಯಿಂದ ನೆರೆಮನೆಯ ಲಿಂಗಾಯತರ ನಾಗವ್ವನ ದನಿ ಬಂತು. “ಮಗಳ, ಬಾ ಲಗೂನ, ಬೆಂದಾವ.” ಇಣುಕಿದವಳು ಜಿನಮತಿಯನ್ನು ಕಂಡು ತಡವರಿಸಿದಳು. “ಬ್ಯಾಳಿ ಬೆಂದಾವ ಅಂದೆ, ಅಕ್ಕಾ.”

“ಬ್ಯಾಳಿ ಬೆಂದ್ರ ಊರಿಗೆಲ್ಲಾ ಕೂಗಿ ಹೇಳ್ತೀಯೇನ, ನಾಗವ್ವ?”

ನಾಗವ್ವನ ತಲೆ ಗೋಡೆಯ ಕೆಳಗೆ ಇಳಿಯಿತು.

“ಗಡ್ಡಿ ನಮ್ಮ ಒಲಿ ಮ್ಯಾಲ ಇಟ್ಟಿಲ್ರಿ” ಎಂದಳು ಸುನಂದಾ ಮೆಲ್ಲಗೆ. “ಅವರ ಮನ್ಯಾಗ, ಅವರ ತಾಟಿನ್ಯಾಗ ತಿಂದೆ. ಬ್ಯಾರೆ ಏನೂ ಹೊಟ್ಯಾಗ ನಿಲ್ಲವಲ್ದು.”

“ನಾಳೆ ಮುನಿಗಳ ಮುಂದ ಕಾಯಶುದ್ಧಿ ಅಂತ ಹೆಂಗ ಅಂತಿದ್ದಿ?”

“ಅಂತಿದ್ದಿಲ್ರಿ. ಜ್ವರಾ ಬಂದಾವ ಅಂತ ಮಲಗತಿದ್ದೆ.”

ಜಿನಮತಿ ಒಳಗೆ ಬಂದು ಬೀಸುಕಲ್ಲಿನ ಪಕ್ಕ ಕೂತಳು. ಅಡುಗೆಮನೆಗೆ ಮೈಲಿಗೆಯಿರಲಿಲ್ಲ; ನಾಳೆ ತಾನೊಬ್ಬಳೇ ಕಲಶ ಹಿಡಿದು ನಿಲ್ಲಬಹುದಿತ್ತು. ಆದರೆ ಮುನಿಗಳ ಆಹಾರ ನೋಡಲು ಬರುವ ಹೆಂಗಸರು ಸೊಸೆ ಎಲ್ಲಿ ಎಂದು ಕೇಳುತ್ತಾರೆ. ಯಾರಾದರೂ ಹಿತ್ತಲಿಗೆ ಹೋಗುತ್ತಾರೆ, ಅಗೆದ ಮಡಿ ನೋಡುತ್ತಾರೆ. ಹೆರಿಗೆಯಾಗುವ ತನಕ ಬೀದಿಯ ಬಾಯಿಗೆ ಈ ಹುಡುಗಿಯೇ ಸಿಗುತ್ತಾಳೆ.

ಬೀಸಿದ ಹಿಟ್ಟನ್ನು ಸೋಸಿ, ಬಟ್ಟೆಯಲ್ಲಿ ಕಟ್ಟಿ, ಅವಳು ಓಣಿಯ ಕೊನೆಯ ಸಖುಬಾಯಿಯ ಮನೆಗೆ ಒಯ್ದಳು. “ನಾಳೆ ನೀ ನಿಂದ್ರು ಸಖೂ. ಈ ಹಿಟ್ಟು ತಗೋ. ನನಗ ಆಗೂದಿಲ್ಲ.”

ಸಖುಬಾಯಿ ಕಣ್ಣು ಸಣ್ಣ ಮಾಡಿದಳು. “ಮುಂಜಾನಿ ಹಾಡಕೋತ ಬೀಸಾತಿದ್ದಿ. ಏನಾತ?”

“ಮೊಣಕಾಲು ಹಿಡಕೊಂಡೈತಿ.”

ವಚನಶುದ್ಧಿ ಅಲ್ಲಿಗೆ ಮುಗಿಯಿತು. ಬರುವಾಗ ನೆನಪಿಟ್ಟು ಕುಂಟಿದಳು.

ಮರುದಿನ ಮುನಿಗಳು ಅವಳ ಮುಚ್ಚಿದ ಬಾಗಿಲನ್ನು ದಾಟಿ ಸಖುಬಾಯಿಯ ಕಲಶದ ಮುಂದೆ ನಿಂತರು. ಜಿನಮತಿ ಕಿಟಕಿಯಿಂದಲೇ ಕೈ ಮುಗಿದಳು. ಮಧ್ಯಾಹ್ನ ಅವಳು ಹಿತ್ತಲಿಗೆ ಬಂದಾಗ ನಾಗವ್ವ ಆ ಸಿಹಿ ಘಮ ಸೂಸುವ, ಮುಚ್ಚಿದ ತಾಟೊಂದನ್ನು ಗೋಡೆಯ ಮೇಲಿಟ್ಟು, ಇವಳನ್ನು ನೋಡಿ ಮತ್ತೆ ಎತ್ತಿಕೊಳ್ಳಹೋದಳು.

“ಇರಲಿ, ಬಿಡು” ಎಂದಳು ಜಿನಮತಿ.

ಸೆರಗಿನ ತುದಿಯಿಂದ ತಾಟು ಹಿಡಿದು, ಅಡುಗೆಮನೆಗೆ ಹೋಗದೆ ಹೊರಗಿನಿಂದಲೇ ಸುತ್ತಿ ಬಂದು, ಬಾವಿಯ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದ ಸುನಂದಾಳ ಕೈಗೆ ಅದನ್ನು ಕೊಟ್ಟಳು.