ನೋಟ್‌ನಲ್ಲಿ ಇಲ್ಲದ ಉತ್ತರ

ಹದಿನಾಲ್ಕು ವರ್ಷ ರಿಪೋರ್ಟರ್ ಆಗಿ ಮಂತ್ರಿಗಳ ಜೀವ ತಿಂದವಳು ನಾನು. ಈಗ ಮುಖ್ಯಮಂತ್ರಿಗಳ ವಕ್ತಾರೆ. ಜಯನಗರದ ಸಭಾಂಗಣದಲ್ಲಿ ನನ್ನ ಮೊದಲ ಪತ್ರಿಕಾಗೋಷ್ಠಿಗೆ ಮೈಕುಗಳ ಮುಂದೆ ಕೂತಾಗ, ನಿಜ ಹೇಳುತ್ತೇನೆ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೆಲಸದ ನಿಯಮ ಒಂದೇ: ಕಚೇರಿ ಕೊಟ್ಟ ನೋಟ್‌ನಲ್ಲಿ ಇದ್ದದ್ದನ್ನು ಮಾತ್ರ ಹೇಳಬೇಕು.

ಹನ್ನೊಂದು ಪ್ರಶ್ನೆಗಳಿಗೆ ಹಾಗೇ ಹೇಳಿದೆ. ಹನ್ನೆರಡನೆಯದನ್ನು ನನ್ನ ಹಳೆಯ ಸಹೋದ್ಯೋಗಿ ದಿನೇಶ್ ಕೇಳಿದ. ಶ್ರೀನಗರ ಬಡಾವಣೆಯ ಗ್ರಂಥಾಲಯ ಕೆಡವಿ ಪಾರ್ಕಿಂಗ್ ಕಟ್ಟಡ ಕಟ್ಟುತ್ತಾರಂತೆ, ಹೌದಾ ಎಂದ. ನೋಟ್‌ನಲ್ಲಿ 'ಪರಿಶೀಲನೆಯಲ್ಲಿದೆ' ಎಂದಿತ್ತು. ಆ ಪದ ಕಂಡರೆ ನನಗೆ ಮೊದಲಿಂದಲೂ ಮೈ ಉರಿಯುತ್ತದೆ. ಮೇಲಾಗಿ, ನನಗೆ ಪೇಪರ್ ಓದುವ ಹುಚ್ಚು ಹತ್ತಿದ್ದೇ ಆ ಗ್ರಂಥಾಲಯದ ಬೆಂಚಿನ ಮೇಲೆ.

"ಕೆಡವಲ್ಲ," ಅಂದುಬಿಟ್ಟೆ.

ಹತ್ತೇ ನಿಮಿಷದಲ್ಲಿ ಎಲ್ಲ ಚಾನೆಲ್‌ಗಳಲ್ಲೂ ಅದೇ ಸುದ್ದಿ. ಶ್ರೀನಗರದಲ್ಲಿ ಪಟಾಕಿಯನ್ನೂ ಹೊಡೆದರು. ಕಾರಿನಲ್ಲಿ ಕೂತ ನನಗೆ ಒಂದು ಕಡೆ ಕುಣಿಯುವಷ್ಟು ಸಂತೋಷ, ಇನ್ನೊಂದು ಕಡೆ ಭಯ. ಮುಖ್ಯಮಂತ್ರಿಗಳು ಇನ್ನೂ ಏನನ್ನೂ ತೀರ್ಮಾನಿಸಿರಲಿಲ್ಲ! ಕಚೇರಿಯಿಂದ ಹೊಸ ನೋಟ್ ಬಂತು. ಸಂಜೆ ಐದಕ್ಕೆ ಮತ್ತೆ ಗೋಷ್ಠಿ ಕರೆದು, ಬಾಯಿತಪ್ಪಿ ಹೇಳಿದೆ ಎನ್ನಬೇಕಂತೆ.

ಮುಖ್ಯಮಂತ್ರಿಗಳಿಗೆ ನಾನೇ ಫೋನ್ ಮಾಡಿದೆ. ಯಾರನ್ನು ಕೇಳಿ ಹೇಳಿದಿರಿ ಎಂದು ಗದರಿದರು. ಯಾರನ್ನೂ ಕೇಳಲಿಲ್ಲ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ.

"ಸಾರ್, ಮಾತು ವಾಪಸ್ ತಗೋಬಹುದು. ಆದ್ರೆ ನಾಳೆಯಿಂದ ನಿಮ್ಮ ಪರವಾಗಿ ನಾನು ಏನೇ ಹೇಳಿದ್ರೂ, ಸಂಜೆವರೆಗೂ ಕಾದು ನೋಡೋಣ ಅಂತಾರೆ. ಅದರ ಬದ್ಲು ನನ್ನನ್ನ ತೆಗೆದುಹಾಕಿ, ಬೇರೆಯವರ ಕೈಲಿ ಹೇಳ್ಸಿ."

ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತೆ. ಕಾರು ಬನಶಂಕರಿ ಸಿಗ್ನಲ್‌ನಲ್ಲಿ ನಿಂತು, ಹೊರಟು, ಮತ್ತೆ ನಿಂತಿತು. ಒಂದೇ ದಿನಕ್ಕೆ ಕೆಲಸ ಹೋಯಿತು ಎಂದುಕೊಂಡೆ.

ಕೊನೆಗೆ, ಪಟಾಕಿ ಹೊಡೆದದ್ದು ನಿಜವಾ ಎಂದು ಕೇಳಿದರು. ನಿಜ ಎಂದೆ. ಸಣ್ಣಗೆ ನಕ್ಕರು. ಪಾರ್ಕಿಂಗ್‌ಗೆ ಬೇರೆ ಜಾಗ ಹುಡುಕಿಸುತ್ತೇನೆ ಎಂದರು.

"ಐದು ಗಂಟೆಗೆ ಹೋಗಿ, ಕೆಡವಲ್ಲ ಅಂತ ಮುಖ್ಯಮಂತ್ರಿನೇ ಹೇಳಿದ್ದಾರೆ ಅನ್ನಿ. ಆದ್ರೆ ಮೇಡಂ, ನನ್ನ ಬಾಯಿ ಈಗ ನಿಮ್ಮ ಹತ್ರ ಇದೆ. ಇನ್ಮೇಲೆ ಅದನ್ನ ತೆಗೆಯೋಕ್ಮುಂಚೆ ನನಗೂ ಒಂದು ಮಾತು ಹೇಳಿ."

ಫೋನಿಟ್ಟವಳೇ ಡ್ರೈವರ್ ಬೆಚ್ಚಿಬೀಳುವಂತೆ ಜೋರಾಗಿ ನಕ್ಕೆ.

ಐದು ಗಂಟೆಗೆ ದಿನೇಶ್ ಮೊದಲ ಸಾಲಿನಲ್ಲೇ ಕೂತಿದ್ದ. ಮುಖ್ಯಮಂತ್ರಿಗಳ ಮಾತನ್ನು ಹೇಳಿ ಮುಗಿಸಿದೆ. ಬೆಳಿಗ್ಗೆ ಹೇಳಿದ್ದು ನಿಮ್ಮ ಮಾತಾ, ಸರ್ಕಾರದ್ದಾ ಎಂದು ಅವನು ಬೇಕೆಂದೇ ಚುಚ್ಚಿದ. ಸಭಾಂಗಣ ನನ್ನ ಮುಖವನ್ನೇ ನೋಡುತ್ತಿತ್ತು.

"ಬೆಳಿಗ್ಗೆ ನಂದು," ಅಂದೆ. "ಈಗ ಸರ್ಕಾರದ್ದು."